ಇನ್ನೊಂಚೂರು ಬಿಗಿ

ಅಮ್ಮಾ,

ನೀನು ತೀರಿಕೊಂಡ ಮೇಲೆ ನಾನು ಊರಿನ ಆರೋಗ್ಯ ಸಮಿತಿ ಸೇರಿದೆ. ಈಗ ಬಿಪಿ ನೋಡೋ ಯಂತ್ರ ಹಿಡಿದು ಮನೆಮನೆ ತಿರುಗ್ತೀನಿ. ಇವತ್ತು ನಿನ್ನ ಗೆಳತಿ ಬುರ್ಮಕಾನ್ ಮನೆಗೆ ಹೋಗಿದ್ದೆ. ತಲೆನೋವು ಅಂತ ಹಣೆಗೆ ವಸ್ತ್ರ ಬಿಗಿದುಕೊಂಡು, ಉಪ್ಪು ಹಾಕಿ ಒಣಗಿಸಿದ ಮೊಸರಿನ ಉಂಡೆ, ಅದೇ ನಮ್ಮ ಕುರುತ್, ಚೀಪುತ್ತಾ ಕೂತಿದ್ದಳು. ಥೇಟ್ ನಿನ್ನ ಹಾಗೇ.

"ನೂರ ತೊಂಬತ್ತಿದೆ ಚಿಕ್ಕಮ್ಮಾ! ಉಪ್ಪು ಕಮ್ಮಿ ಮಾಡು. ನೋವಿಲ್ಲದ ದಿನಾನೂ ಮಾತ್ರೆ ನುಂಗಬೇಕು."

"ನೋವಿಲ್ಲದಾಗ ಮಾತ್ರೆ ನುಂಗೋಕೆ ನನಗೇನು ಹುಚ್ಚಾ? ಕುರುತ್ ಚೀಲ ಮುಟ್ಟಿದ್ರೆ ನೋಡು!"

ಹಟದಲ್ಲಿ ನಾನೂ ನಿನ್ನ ಮಗಳೇ ಅಲ್ವಾ ಅಮ್ಮಾ? ನಾರಿನ್ ಪೇಟೆಯಿಂದ ಡಾಕ್ಟರನ್ನು ಕರೆಸಿದೆ. ಅವರು ಕೊಟ್ಟ ಮಾತ್ರೆ ಅವಳ ಗಂಟಲಲ್ಲಿ ಇಳಿಯೋವರೆಗೂ ಕದಲಲಿಲ್ಲ.

ಆಮೇಲೆ ಹಣೆಯ ವಸ್ತ್ರಕ್ಕೆ ಕೈ ಹಾಕಿದೆ. "ಬಿಚ್ಚಬೇಡ ಮಗಳೇ, ಇನ್ನೊಂಚೂರು ಬಿಗಿಯಾಗಿ ಕಟ್ಟು" ಅಂದಳು.

ಆ ಕೊನೆಯ ಬೆಳಿಗ್ಗೆ ನೀನೂ ಹಾಗೇ ಅಂದಿದ್ದೆ. ನಾನು ಎರಡು ಗಂಟು ಹಾಕಿ ಬಿಗಿಯಾಗಿ ಕಟ್ಟಿ, ನಿನಗೆ ಇಷ್ಟ ಅಂತ ಉಪ್ಪು ಚಹಾ ಕಾಯಿಸೋಕೆ ಒಳಗೆ ಹೋಗಿದ್ದೆ.

ಇವತ್ತು ಗಂಟು ಬಿಚ್ಚಿದೆ ಅಮ್ಮಾ. ಬಿಚ್ಚಿ, ಅವಳ ಕೈ ಹಿಡಕೊಂಡು ಅಲ್ಲೇ ಕೂತೆ.