ಕತ್ತರಿಯಲ್ಲಿ ಕತ್ತರಿಸಿದ ಕೆಂಪು ಟೇಪು

ಪ್ರೀತಿಯ ಅಕ್ಕಾ,

ಮೊದಲಿಗೆ ಸಾರಿ. ಫೋನ್ ಇರುವಾಗ ಇವಳೇಕೆ ಕಾಗದ ಬರೆಯುತ್ತಾಳೆ ಎಂದು ನೀನು ಹುಬ್ಬೇರಿಸುತ್ತೀಯ. ಫೋನಿನಲ್ಲಿ ಕೇಳಿದರೆ ನೀನು ನಕ್ಕು ಮಾತು ಬದಲಿಸುತ್ತೀಯ, ನಾನು ತೊದಲುತ್ತೇನೆ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳ ಕನ್ನಡ ಇದು, ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೋ.

ಅಪ್ಪನ ಸ್ಟುಡಿಯೋದ ಸ್ಟೋರೇಜ್ ಬಾಕ್ಸ್ ಗೊತ್ತಲ್ಲ, ಇಪ್ಪತ್ತು ವರ್ಷದ ಫೋಟೋಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೇಜಿನ ಕೆಳಗೆ ಗುಂಯ್‌ಗುಡುತ್ತಿದ್ದ ಕಪ್ಪು ಡಬ್ಬ? ನೀನು ರಜೆಗೆ ಬಂದು ಸ್ಟುಡಿಯೋವನ್ನೆಲ್ಲ ಗುಡಿಸಿ ಒರೆಸಿ ಹೋದ ಮರುದಿನ ಅಪ್ಪ ಅದಕ್ಕೆ ಮತ್ತೆ ವೈರು ಚುಚ್ಚಿದರು. ಪಟ್ ಎಂದಿತಂತೆ, ಸುಟ್ಟ ವಾಸನೆಯಂತೆ. ಆಮೇಲೆ ಲೈಟೇ ಇಲ್ಲ. ರಿಪೇರಿ ಅಂಗಡಿಯವನು, "ಬೋರ್ಡ್ ಹೋಗಿದೆ ಸಾರ್, ಎಸೀರಿ" ಅಂದನಂತೆ. ಅಪ್ಪ ಅದನ್ನು ಕೂಸಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ನನ್ನ ಹಾಸ್ಟೆಲ್ ಗೇಟಿಗೆ ಬಂದರು.

"ಲ್ಯಾಪ್‌ಟಾಪ್ ವೈರಿಗೆ ಕೆಂಪು ಟೇಪು ಅಂಟಿಸ್ಬಿಟ್ಟಿದೀನಿ ಕಣೇ. ಯಾವಾಗ ಅಂತ ನೆನಪೇ ಇಲ್ಲ. ತಲೆ ಕೈಕೊಡ್ತಿದೆ. ಸಾಕು, ತಿಂಗಳ ಕೊನೆಗೆ ಸ್ಟುಡಿಯೋ ಬೀಗದಕೈ ಓನರಿಗೆ ಕೊಡ್ತೀನಿ."

ನಮ್ಮ ಮನೆಯಲ್ಲಿ ಅಡಾಪ್ಟರಿನ ಮೇಲಿನ ನಂಬರ್ ಯಾರು ಓದುತ್ತಾರೆ? ಕೆಂಪು ಟೇಪಿನದು ಬಾಕ್ಸಿಗೆ, ನೀಲಿ ಟೇಪಿನದು ಲ್ಯಾಪ್‌ಟಾಪಿಗೆ. ಬಣ್ಣ ನೋಡಿ ಚುಚ್ಚುವುದಷ್ಟೇ.

ನಮ್ಮ ಕಾಲೇಜಿನ ಲ್ಯಾಬ್ ಅಸಿಸ್ಟೆಂಟನ್ನು ಎಲ್ಲರೂ ಮೀಟರಣ್ಣ ಎನ್ನುತ್ತೇವೆ. ಡಬ್ಬವನ್ನು ಲ್ಯಾಬಿಗೆ ಒಯ್ದು ನಾನು ಸ್ಕ್ರೂ ಬಿಚ್ಚಲು ಹೊರಟರೆ, "ಮೊದ್ಲು ಎರಡೂ ಡಿಸ್ಕ್ ಹೊರಗೆ ತೆಗೆದು ನಂಬರ್ ಬರಿ. ಹೀರೋಯಿನ್ ಆಮೇಲೆ ಆಗುವೆಯಂತೆ" ಎಂದು ಗದರಿದರು. ವೈರು ಚುಚ್ಚುವ ಜಾಗದ ಪಕ್ಕದಲ್ಲೇ ಅಕ್ಕಿಕಾಳಿನಷ್ಟು ಒಂದು ಡಯೋಡ್. ಮೀಟರ್ ಮುಟ್ಟಿಸಿದರೆ ಬೀಪ್ ಎಂದಿತು, ಅಂದರೆ ಶಾರ್ಟ್. ಅದರ ಹಿಂದಿನ ಫ್ಯೂಸೂ ಹೋಗಿತ್ತು.

"ಹೆಚ್ಚು ವೋಲ್ಟೇಜ್ ಬಂದ್ರೆ ಇದು ತಾನು ಸತ್ತು ಮಿಕ್ಕವರನ್ನ ಕಾಯತ್ತೆ. ಹನ್ನೆರಡು ವೋಲ್ಟ್ ಕುಡಿಯೋ ಮಗೂಗೆ ಲ್ಯಾಪ್‌ಟಾಪಿನ ಹತ್ತೊಂಬತ್ತು ಕುಡಿಸಿದ ಪುಣ್ಯಾತ್ಮ ಯಾರಮ್ಮ?" ಎಂದರು ಮೀಟರಣ್ಣ.

ಎರಡನ್ನೂ ನಾನೇ ಬೆಸುಗೆ ಹಾಕಿ ಬದಲಿಸಿದೆ. ಬೆರಳು ಸುಟ್ಟುಕೊಂಡೆ. ಲ್ಯಾಬಿನ ಹನ್ನೆರಡು ವೋಲ್ಟಿನ ಅಡಾಪ್ಟರ್ ಚುಚ್ಚಿ, ಡಿಸ್ಕ್ ಇಲ್ಲದೆಯೇ ಆನ್ ಮಾಡಿದಾಗ ಹಸಿರು ಲೈಟ್ ಬಂತು. ಆಮೇಲೆ ನಂಬರ್ ನೋಡಿ ಡಿಸ್ಕ್ ಹಾಕಿದೆ. ಎಲ್ಲಾ ಇದೆ, ಅಕ್ಕಾ. ನಿನ್ನ ಮದುವೆಯ ಫೋಲ್ಡರೂ ಇದೆ.

ಖುಷಿಯಾಗಬೇಕಿತ್ತು. ಆದರೆ ಅಪ್ಪ ಬಾಕ್ಸಿನ ಜೊತೆ ತಂದಿದ್ದ ಆ ಅಡಾಪ್ಟರನ್ನು ನೋಡುತ್ತಾ ಕೂತೆ. ಅಪ್ಪ ಟೇಪನ್ನು ಹಲ್ಲಿನಲ್ಲಿ ಹರಿಯುತ್ತಾರೆ, ತುದಿ ಇಲಿ ಕಡಿದ ಹಾಗಿರುತ್ತದೆ. ಈ ಕೆಂಪು ಟೇಪಿನ ತುದಿ ನೇರವಾಗಿದೆ, ಕತ್ತರಿಯಲ್ಲಿ ಕತ್ತರಿಸಿದ್ದು. ಬಿಸ್ಕತ್ ಪ್ಯಾಕೆಟ್ಟಿಗೂ ಕತ್ತರಿ ಹುಡುಕುವವಳು ನಮ್ಮಲ್ಲಿ ಒಬ್ಬಳೇ.

ಗಂಡನ ಮನೆ ಬಿಟ್ಟು ಬಂದ ಮೇಲೆ ನೀನು ಅಪ್ಪನಿಗೆ, "ಆ ಮದುವೆ ಫೋಟೋಗಳನ್ನ ಅಳಿಸಿಬಿಡಪ್ಪ" ಎಂದು ಮೂರು ಸಲ ಕೇಳಿದ್ದೆ. ಅಪ್ಪ ಮೂರು ಸಲವೂ, "ಫೋಟೋ ಅಳಿಸೋ ಕೈ ನಂದಲ್ಲ ಮಗಳೇ" ಎಂದಿದ್ದರು. ನಾನು ಪಕ್ಕದಲ್ಲೇ ಟೀ ಕುಡಿಯುತ್ತಿದ್ದೆ. ನಿನ್ನ ಪರವಾಗಿ ಒಂದು ಮಾತೂ ಆಡಲಿಲ್ಲ.

ನಿನ್ನ ಮೇಲೆ ಡೌಟ್ ಪಡಲು ನನಗೇ ನಾಚಿಕೆ. ಆದರೂ ಡೌಟ್ ಹೋಗುತ್ತಿಲ್ಲ. ಒರೆಸುವಾಗ ಹಳೆಯ ಟೇಪು ಕಿತ್ತು ಬಂತು, ಹೊಸದು ಅಂಟಿಸುವಾಗ ಅದಲುಬದಲಾಯಿತು ಎಂದರೆ ನಂಬುತ್ತೇನೆ. ಬೇಕೆಂದೇ ಮಾಡಿದೆ ಎಂದರೂ ನೀನು ನನ್ನ ಅಕ್ಕನೇ. ಆ ಫೋಲ್ಡರನ್ನು ನಾನು ತೆರೆದಿಲ್ಲ, ಅಳಿಸಿಯೂ ಇಲ್ಲ. ಅಳಿಸು ಎಂದು ನೀನು ಹೇಳಿದರೆ, ಈ ಸಲ ಅಪ್ಪನ ಎದುರು ಕೂತು ನಾನೇ ಕೇಳುತ್ತೇನೆ.

ಬಾಕ್ಸ್ ಸರಿಯಾಯಿತು ಎಂದು ಅಪ್ಪನಿಗೆ ಫೋನ್ ಮಾಡಿದೆ. ಖುಷಿಪಡಲಿಲ್ಲ. "ಡಬ್ಬ ಸರಿಹೋಯ್ತು, ನನ್ನ ತಲೆ?" ಎಂದರು. ಅದಕ್ಕೆ ಬದಲಿಸಲು ನನ್ನ ಬಳಿ ಬಿಡಿಭಾಗವಿಲ್ಲ, ಅಕ್ಕಾ. ನಿನ್ನ ಬಳಿ ಇದೆ, ಟೇಪು ಅಂಟಿಸಿದ್ದು ಅಪ್ಪನಲ್ಲ ಎಂಬ ಒಂದು ಮಾತು.

ಎಲ್ಲಿದ್ದರೂ ನೆಮ್ಮದಿಯಾಗಿರು.

ನಿನ್ನ ತಂಗಿ

ಈ ಕಾಗದ ಸಿಕ್ಕ ದಿನವೇ ಉತ್ತರ ಬರೆ, ಪ್ಲೀಸ್.