ಮೀನಿನ ಓಮ್ನಿಗೆ ಯಾವ ಎಂಜಿನ್

ಅಕ್ಟೋಬರ್ 9

ಎರಡು ಆಯಿಲ್ ಚೇಂಜ್, ಒಂದು ಕ್ಲಚ್ ಕೇಬಲ್. ಹನ್ನೊಂದು ಗಂಟೆಗೆ ಮೀನು ಮಾರುವ ಸುಪ್ರೀತಾಳ ಓಮ್ನಿ ವ್ಯಾನನ್ನು ಹಗ್ಗ ಕಟ್ಟಿ ಎಳೆದು ತಂದರು. ದೋಣಿಗಳು ಬಂದು ನಿಲ್ಲುವ ಬಂದರ್ ದಕ್ಕೆಯಲ್ಲಿ ಮೀನು ತುಂಬಿಕೊಂಡು ತೊಕ್ಕೊಟ್ಟಿಗೆ ಬರುವಾಗ ಸೇತುವೆ ಮೇಲೆ ನಿಂತಿತಂತೆ. ಒಳಗೆ ಐಸ್ ಕರಗುತ್ತಿತ್ತು. ಅರ್ಧದಷ್ಟು ಬಂಗುಡೆ ಮೀನನ್ನು ನನ್ನ ಗ್ಯಾರೇಜ್ ಎದುರೇ ಮಾರಿ ಮುಗಿಸಿದಳು, ಗಟ್ಟಿಗಿತ್ತಿ. ಗ್ಯಾರೇಜ್ ಇನ್ನೂ ನಾರುತ್ತಿದೆ.

ಎಂಜಿನ್ನಿನ ಹೆಡ್ ಬಿಚ್ಚಿ ನೋಡಿದೆ. ಒಂದು ಪಿಸ್ಟನ್ ಕರಗಿದೆ, ಸಿಲಿಂಡರಿನ ಒಳಗೋಡೆ ತುಂಬ ಗೀರು. ರಿಪೇರಿಗೆ ಬಗ್ಗುವುದಲ್ಲ, ಬೇರೆ ಎಂಜಿನ್ನೇ ಕೂರಿಸಬೇಕು. ಅವಳ ಮನೆ ನಡೆಯುವುದು ಈ ಗಾಡಿಯಿಂದ. "ಬೇಗ ಮಾಡಿ ಜಯಣ್ಣ" ಅಂದಳು, ಅಷ್ಟೇ.

ಅಕ್ಟೋಬರ್ 11

ಗುಜರಿಯಲ್ಲಿ ಎರಡು ಎಂಜಿನ್ ಸಿಕ್ಕಿದವು. ಒಂದು ಹಳೆಯದರ ಹಾಗೇ ಕಾರ್ಬುರೇಟರಿನದು — ಗಾಳಿ, ಪೆಟ್ರೋಲಿನ ಹದವನ್ನು ಮೆಕ್ಯಾನಿಕ್ ಕಿವಿಗೊಟ್ಟು, ಸ್ಕ್ರೂ ತಿರುಗಿಸಿ ಹಿಡಿಯಬೇಕು. ಇನ್ನೊಂದು ಫ್ಯುಯೆಲ್ ಇಂಜೆಕ್ಷನ್. ಹದವೆಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಸುಪ್ರೀತಾ ಫೋನಿನಲ್ಲಿ, "ಯಾವುದು ಒಳ್ಳೆಯದು? ನನಗೆ ಎಂತ ಗೊತ್ತುಂಟು, ನೀವೇ ಹೇಳಿ."

ಇಂಜೆಕ್ಷನ್ ಅಂದೆ. ಮೈಲೇಜ್ ಬರುತ್ತದೆ, ಚೋಕ್ ಎಳೆಯುವ ರಗಳೆಯಿಲ್ಲ. ಸುಳ್ಳೇನಲ್ಲ. ಆದರೆ ಐಸಿನ ಉಪ್ಪುನೀರು ದಿನಾ ಸೋರುವುದು ಸೀಟಿನ ಕೆಳಗೆ, ಓಮ್ನಿಯ ಎಂಜಿನ್ ಇರುವಲ್ಲಿಗೆ, ಇಂಜೆಕ್ಷನ್ನಿನ ವಯರುಗಳಿರುವ ಜಾಗಕ್ಕೇ. ವರ್ಷದೊಳಗೆ ತುಕ್ಕು ಹಿಡಿದೀತು. ಅದನ್ನು ಹೇಳಲಿಲ್ಲ.

ಅಕ್ಟೋಬರ್ 12, ಬೆಳಿಗ್ಗೆ

ಅನ್ನ ತಳ ಹಿಡಿಯಿತು. ಮಗಳು ಪ್ರಣೀತಾ ಸ್ನಾನದ ಮನೆಯಿಂದ ಓಡಿ ಬಂದಳು. "ಕುಕ್ಕರ್ ಆರು ಸೀಟಿ ಹೊಡೀತು ಪಪ್ಪಾ! ಪಕ್ಕದಲ್ಲೇ ಕೂತಿದ್ದೀರಲ್ಲ!"

ಪೇಪರ್ ಓದ್ತಿದ್ದೆ ಅಂದೆ. ಒಂದು ಸೀಟಿಯೂ ಕೇಳಿರಲಿಲ್ಲ. ಮಾತು ಕೇಳುತ್ತದೆ, ಬಸ್ಸಿನ ಹಾರ್ನ್ ಕೇಳುತ್ತದೆ. ಸೀಟಿಯಂಥ ಕೀರಲು, ತೆಳು ಶಬ್ದಗಳು ಮಾತ್ರ... ಒಂದು ವರ್ಷವಾಯಿತೇನೋ.

ಅಕ್ಟೋಬರ್ 13

ಹಳೆಯ ಕಾರ್ಬುರೇಟರ್ ಬಿಚ್ಚಿ ನೋಡಿದೆ. ನೋಡಬೇಕೆಂದೇನಿರಲಿಲ್ಲ. ಗಾಳಿ ಸೋರದಂತೆ ಬುಡದಲ್ಲಿ ಹಾಕುವ ಗ್ಯಾಸ್ಕೆಟ್ ಮಡಚಿ ಕೂತಿದೆ. ಆ ಸಂದಿನಿಂದ ಗಾಳಿ ಎಳೆದು ಎಳೆದು ಪೆಟ್ರೋಲ್ ಸಾಲದೆ ಎಂಜಿನ್ ಕಾದು ಪಿಸ್ಟನ್ ಕರಗಿದೆ.

ಆಗಸ್ಟ್ 3ರಂದು ಅದನ್ನು ಕೂರಿಸಿದವನು ನಾನೇ. ಇಂಥ ಲೀಕ್ ಸುಯ್ ಅನ್ನುತ್ತದೆ. ಹೊಸ ಹುಡುಗರೂ ಹಿಡಿಯುತ್ತಾರೆ. ನಾನು ಕಿವಿಯಿಟ್ಟು ಕೇಳಿ, ಸರಿ ಉಂಟು ಎಂದು ಸೀಟು ಮುಚ್ಚಿದ್ದೆ.

ಅಕ್ಟೋಬರ್ 19

ಐದು ದಿನ ಬರೆಯಲಿಲ್ಲ. ಗುಜರಿಯವನಿಗೂ ನಾಳೆ, ನಾಳೆ ಅನ್ನುತ್ತಾ ಬಂದೆ.

ಮಧ್ಯಾಹ್ನ ಸುಪ್ರೀತಾ ಬಂದಳು. ತಲೆಯ ಮೇಲೆ ಬುಟ್ಟಿ. ಬಸ್ಸಿನವರು ಹತ್ತಿಸುವುದಿಲ್ಲವಂತೆ, ರಿಕ್ಷಾದವರು ಮೂಗು ಮುಚ್ಚುತ್ತಾರಂತೆ. ನಗುತ್ತಲೇ ಹೇಳಿದಳು. ನಾಚಿಕೆಯಾಯಿತು. ಬಾಯಿಬಿಟ್ಟೆ.

"ನಿನ್ನ ಎಂಜಿನ್ ಹಾಳಾದದ್ದು ನನ್ನಿಂದ. ನನಗೆ ಸೀಟಿಯಂಥ ತೆಳು ಶಬ್ದ ಕೇಳುವುದಿಲ್ಲ ಈಗ."

ಬುಟ್ಟಿ ಕೆಳಗಿಟ್ಟಳು. "ಇಂಜೆಕ್ಷನ್ ಹಾಕುವ ಅಂದದ್ದು ಅದಕ್ಕಾ?"

"ಹೌದು. ಅದಕ್ಕೆ ನನ್ನ ಕಿವಿ ಬೇಡ."

"ನನ್ನ ಗಾಡಿಗೆ ಯಾವುದು ಸರಿ?"

"ಕಾರ್ಬುರೇಟರ್."

"ಮತ್ತೆ ಅದನ್ನೇ ಹಾಕಿ ಮಾರಾಯ್ರೆ." ಬುಟ್ಟಿ ಎತ್ತಿಕೊಂಡು ಹೊರಟಳು. ನನ್ನ ಮುಖ ನೋಡಲಿಲ್ಲ.

ಅಕ್ಟೋಬರ್ 24, ಸಂಜೆ 7

ಎಂಜಿನ್ ಕೂತಿತು. ಸ್ಟಾರ್ಟ್ ಮಾಡುವಾಗ ಸುಪ್ರೀತಾ ಬರಲೇಬೇಕು ಅಂದಿದ್ದೆ. ಬಂದಳು. ಸ್ಕ್ರೂಡ್ರೈವರ್ ನನ್ನ ಕೈಯಲ್ಲಿ, ಕಿವಿ ಅವಳದು. ಅಪ್ಪನ ದೋಣಿಯ ಎಂಜಿನ್ ಕೇಳಿ ಬೆಳೆದವಳು, ಹೇಳಿಕೊಡಬೇಕಾಗಲಿಲ್ಲ.

"ಸ್ವಲ್ಪ ಒಳಗೆ... ಇನ್ನೂ ಸ್ವಲ್ಪ... ಹಾಂ, ಈಗ ಒಂದೇ ಸಮ ಉಂಟು."

"ಸುಯ್ ಅಂತ ಏನಾದರೂ?"

"ಇಲ್ಲ. ಆಗಸ್ಟಿನಲ್ಲಿ ಇತ್ತು."

ಕೈ ನಿಂತಿತು. "ಆಗಲೇ ಕೇಳ್ತಿತ್ತಾ ನಿನಗೆ?"

"ಕೇಳ್ತಿತ್ತು ಜಯಣ್ಣ. ನೀವು ಸರಿ ಉಂಟು ಅಂದ್ರಲ್ಲ. ನಿಮಗಿಂತ ಹೆಚ್ಚು ನನಗೆ ಗೊತ್ತುಂಟಾ ಅಂತ ಸುಮ್ಮನಾದೆ."

ಗಾಡಿ ತೆಗೆದುಕೊಂಡು ಹೋದಳು. ನಾಳೆ ಐದಕ್ಕೆ ದಕ್ಕೆಗೆ ಹೋಗಬೇಕಂತೆ.

ಮೂವತ್ತೆರಡು ವರ್ಷ ಈ ಕೆಲಸ. ಜಯಣ್ಣ ಸರಿ ಅಂದರೆ ಸರಿ ಎಂದು ಜನ ಹೇಳುವಾಗ ಒಳಗೊಳಗೇ ಹಿಗ್ಗುತ್ತಿದ್ದೆ. ಆ ದಿನ ಸೀಟು ಮುಚ್ಚುವ ಮೊದಲು ಅವಳನ್ನು ಒಂದು ಮಾತು ವಿಚಾರಿಸಿದ್ದರೆ —