ಅಪ್ಪನ ಬಲಗಾಲು

ಜೂನ್ 3, ಸೋಮವಾರ

ಡ್ರೈವಿಂಗ್ ಸ್ಕೂಲಿನಿಂದ ಬಂದೆ. ಮುಖ ತೊಳೆದು, ಎಂದಿನಂತೆ ಮಗಳ ಎದುರು ಕೂತೆ. ಪಿಟೀಲು ಅಭ್ಯಾಸ. ಮನೆಯವರ ಬೆಂಬಲ ಬೇಕು ಅಂತ ಟೀಚರೇ ಹೇಳಿದ್ದಾರಲ್ಲ — ಒಂದು ದಿನವೂ ತಪ್ಪಿಸುವುದಿಲ್ಲ. ಬೈಯುವುದಿಲ್ಲ, ತುಟಿಪಿಟಿಕ್ ಅನ್ನುವುದಿಲ್ಲ. ಆದರೂ ನಮ್ಮ ಚಿನಕುರುಳಿ ಎರಡು ಸಾಲು ನುಡಿಸುವಷ್ಟರಲ್ಲಿ ನಿಂತುಬಿಡುತ್ತಾಳೆ. ಮತ್ತೆ ಮೊದಲಿಂದ. ಮತ್ತೆ ನಿಲ್ಲುತ್ತಾಳೆ...

ಜೂನ್ 6, ಗುರುವಾರ

ಊಟಕ್ಕೆ ಕೂತಾಗ ಬಾಂಬ್ ಹಾಕಿದಳು. "ಅಪ್ಪ, ನಂಗೆ ಪಿಟೀಲು ಬೇಡ. ವಾಪಸ್ ಕೊಟ್ಬಿಡು."

ಪಕ್ಕದ ಮನೆ ರೇಡಿಯೊಗೆ ಕಿವಿ ಹಚ್ಚಿ ನಿಲ್ಲುತ್ತಿದ್ದವಳು, ಹಠ ಹಿಡಿದು ಪಿಟೀಲು ತರಿಸಿಕೊಂಡವಳು ಇವಳೇನಾ?

"ಒತ್ತಾಯ ಮಾಡ್ಬೇಡಿ. ಟೀಚರ್‌ನ ಒಂದ್ಮಾತು ಕೇಳಿ" ಅಂದಳು ಹೆಂಡತಿ.

ಜೂನ್ 8, ಶನಿವಾರ

ಟೀಚರ್ ನನ್ನನ್ನು ಹೊರಗೆ ಕೂರಿಸಿದರು. ಒಳಗೆ ಮಗಳು ನೀರು ಕುಡಿದಷ್ಟು ಸಲೀಸಾಗಿ ನುಡಿಸಿದಳು! ಆಮೇಲೆ ನನ್ನನ್ನು ಕರೆದು, "ಮನೇಲಿ ಹೇಗೆ ಕೂರ್ತೀರೋ ಹಾಗೇ ಕೂತ್ಕೊಳ್ಳಿ" ಅಂದರು. ಕೂತೆ. ಎರಡನೇ ಸಾಲಿಗೆ ನಿಂತಳು.

ಟೀಚರ್ ನನ್ನ ಪಾದ ನೋಡುತ್ತಿದ್ದರು. "ಏನ್ ಕೆಲಸ ಸಾರ್ ನಿಮ್ದು?"

"ಡ್ರೈವಿಂಗ್ ಕಲಿಸ್ತೀನಿ ಮೇಡಂ."

"ಅದಕ್ಕೇ! ಅವಳು ಒಂಚೂರು ತಪ್ಪಿದ್ರೆ ನೀವು ನೆಲದ ಮೇಲೇ ಬ್ರೇಕ್ ಒತ್ತುತ್ತೀರಿ."

ಕಲಿಯುವವರ ಪಕ್ಕದ ಸೀಟಿನಲ್ಲಿ, ನನ್ನ ಕಡೆಯ ಬ್ರೇಕ್ ಒತ್ತಿ ಒತ್ತಿ, ಬಲಗಾಲು ಯಾರ ಮಾತೂ ಕೇಳದಂತಾಗಿದೆ. ನನಗೇ ಗೊತ್ತಿರಲಿಲ್ಲ.

ಮಗಳು ಮೆಲ್ಲಗೆ ಅಂದಳು: "ಅಪ್ಪನ ಕಾಲು ನೋಡ್ಕೊಂಡೇ ನುಡಿಸ್ತೀನಿ. ಅದು ಒತ್ತಿದ್ರೆ ಕೈ ಹಾಗೇ ನಿಂತೋಗತ್ತೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಾಯಿ ಸುಮ್ಮನಿದೆ ಅಂತ ಬೀಗುತ್ತಿದ್ದೆ. ನಾಚಿಕೆಯಾಯಿತು.

"ಪಕ್ಕದ ರೂಮಲ್ಲಿ ಏನಾದ್ರೂ ಕೆಲಸ ಮಾಡ್ಕೊಂಡಿರಿ" ಅಂದರು ಟೀಚರ್. "ಕಿವಿ ಇರಲಿ, ಕಾಲು ಬೇಡ."

ಜೂನ್ 9, ಭಾನುವಾರ

ಅಡುಗೆಮನೆಯಲ್ಲಿ ಬಟಾಣಿ ಸುಲಿದೆ. ಹೊರಗೆ ಅವಳು ತಪ್ಪಿದಳು. ಬಲಗಾಲು ಎದ್ದೇಬಿಟ್ಟಿತು — ಮಡಚಿ, ಅದರ ಮೇಲೇ ಕೂತೆ.

"ಬಟಾಣಿ ಸುಲೀತಿದೀರೋ, ಕತ್ತು ಹಿಸುಕ್ತಿದೀರೋ?" ಹೆಂಡತಿಗೆ ನಗು.

ಪಿಟೀಲು ನಿಂತಿತು. ಸ್ವಲ್ಪ ಹೊತ್ತು... ಮತ್ತೆ ಶುರು. ಮೊದಲಿಂದಲ್ಲ, ತಪ್ಪಿದ ಕಡೆಯಿಂದಲೇ ಮುಂದಕ್ಕೆ! ಕಾಲಿಗೆ ಜೋಮು ಹಿಡಿದಿತ್ತು. ಆದರೂ ಏಳಲಿಲ್ಲ.

ಜೂನ್ 23, ಭಾನುವಾರ, ಸಂಜೆ

ಎಷ್ಟೋ ದಿನ ಬರೆದಿಲ್ಲ. ಗೋಳು ಇದ್ದಾಗಲೇ ಪೆನ್ನು ನೆನಪಾಗುವುದು, ನನ್ನ ಜಾತಕ ಅದು. ವಾಪಸ್ ಕೊಡುವ ಮಾತು ಮಗಳು ಮತ್ತೆ ಎತ್ತಿಲ್ಲ. ಇವತ್ತು ಯಾರೂ ಹೇಳದೆ ತಾನೇ ಪಿಟೀಲು ತೆಗೆದಳು. ಅಲ್ಲಲ್ಲಿ ಕರಕರ, ಆದರೆ ಕೊನೆಯವರೆಗೂ ನುಡಿಸಿದಳು. ಎದೆ ಎಷ್ಟು ಹಗುರವಾಯಿತೆಂದರೆ, ಗೋಡೆ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ.

ಈಗ ಕೂಗುತ್ತಿದ್ದಾಳೆ. "ಅಪ್ಪಾ, ಹೊಸದು ಶುರು ಮಾಡಿದೀನಿ. ತುಂಬಾ ತಪ್ಪತ್ತೆ. ಕೇಳೋಕೆ ಬಾ."

ತಪ್ಪುತ್ತದಂತೆ. ಆದರೂ ನಾನು ಬೇಕಂತೆ! ಹೋಗದೆ ಇರುತ್ತೇನಾ? ಬಂದೆ ಮಗಳೇ, ಬಂ—